ಗಿಗಿರಿಯ ಅಡುಗೆಮನೆಯಲ್ಲಿ ಯಾವ ಉಪ್ಪು? ಹೆರುವ ವಯಸ್ಸಿನ ಹೆಂಗಸರ ಅಯೋಡಿನ್ ಪೋಷಣೆ ಕುರಿತು ಒಂದು ಸಂಶೋಧನಾ ಟಿಪ್ಪಣಿ

ನೈರೋಬಿಯ ಉತ್ತರ ಅಂಚಿನಲ್ಲಿ, ಕರೂರಾ ಕಾಡಿಗೆ ತಾಗಿಕೊಂಡಿರುವ ಗಿಗಿರಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ವಿಶ್ವಸಂಸ್ಥೆಯ ನೈರೋಬಿ ಕಚೇರಿ, ಅದರ ಪರಿಸರ ಕಾರ್ಯಕ್ರಮದ ಕೇಂದ್ರ ಕಚೇರಿ, ಯುನಿಸೆಫ್‌ನ ಪೂರ್ವ ಮತ್ತು ದಕ್ಷಿಣ ಆಫ್ರಿಕಾ ಪ್ರಾದೇಶಿಕ ಕಚೇರಿ ಇಲ್ಲಿವೆ. ಅವುಗಳ ಸುತ್ತ ರಾಯಭಾರ ಕಚೇರಿಗಳು, ಲಿಮೂರು ರಸ್ತೆಯ ಮಾರುಕಟ್ಟೆ, ನಾನಾ ದೇಶಗಳಿಂದ ಕೆಲಸಕ್ಕೆ ಬಂದ ಕುಟುಂಬಗಳು. ಭಾರತದಿಂದ ಬಂದವರೂ ಅವರಲ್ಲಿದ್ದಾರೆ. ಅಕ್ಕಿ, ಬೇಳೆ, ಸಾಂಬಾರು ಪುಡಿಗಾಗಿ ಪಾರ್ಕ್‌ಲ್ಯಾಂಡ್ಸ್‌ನ ಭಾರತೀಯ ಅಂಗಡಿಗಳಿಗೆ ಹೋಗಿ ಬರುತ್ತಾರೆ. ಇಂಥ ಮನೆಯ ಒಬ್ಬ ಮಗಳು ಅಥವಾ ಸೊಸೆ, ಇನ್ನು ಒಂದೆರಡು ವರ್ಷದಲ್ಲಿ ತಾಯಿಯಾಗಬಹುದಾದವಳು, ದಿನಕ್ಕೆ ಎಷ್ಟು ಅಯೋಡಿನ್ ತಿನ್ನುತ್ತಾಳೆ? ಈ ಟಿಪ್ಪಣಿ ಹುಡುಕುವುದು ಅದಕ್ಕೆ ಉತ್ತರ.

ಪೌಷ್ಟಿಕತೆಯ ಚರ್ಚೆಗಳಲ್ಲಿ ಕೊರತೆ ಎಂದರೆ ಬಡತನದ ಕೊರತೆ ಎಂದೇ ನಾವು ಹಿಡಿದುಕೊಂಡಿದ್ದೇವೆ. ಕಬ್ಬಿಣಾಂಶದ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜ. ಅಯೋಡಿನ್ ವಿಷಯದಲ್ಲಿ ಹಾಗಲ್ಲ. ಅದು ಹೊಟ್ಟೆ ತುಂಬ ಉಂಡವರಿಗೂ ಕಡಿಮೆ ಬೀಳುತ್ತದೆ, ಏಕೆಂದರೆ ಅದು ಊಟದ ಪ್ರಮಾಣಕ್ಕಿಂತ ಮಣ್ಣನ್ನು ಮತ್ತು ಉಪ್ಪನ್ನು ಅವಲಂಬಿಸಿದೆ. ಸಾವಿರಾರು ವರ್ಷ ಮಳೆ ಸುರಿದ ಎತ್ತರದ ಪ್ರದೇಶಗಳಲ್ಲಿ ಮೇಲ್ಮಣ್ಣಿನ ಅಯೋಡಿನ್ ತೊಳೆದು ಹೋಗಿರುತ್ತದೆ. ಅಲ್ಲಿ ಬೆಳೆದ ರಾಗಿ, ಜೋಳ, ಸೊಪ್ಪು, ಅಲ್ಲಿನ ಹುಲ್ಲು ಮೇದ ಹಸುವಿನ ಹಾಲು, ಎಲ್ಲದರಲ್ಲೂ ಆ ಕೊರತೆ ಹಾಗೇ ಉಳಿಯುತ್ತದೆ. ಕೆನ್ಯಾದ ಎತ್ತರದ ಪ್ರದೇಶಗಳೂ ನಮ್ಮ ಮಲೆನಾಡೂ ಈ ದೃಷ್ಟಿಯಿಂದ ಒಂದೇ ಬಗೆಯ ನೆಲ. ಅಯೋಡಿನ್ ಕೊರತೆಯಿಂದ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಊದಿಕೊಳ್ಳುವ ಗಳಗಂಡ ಎರಡೂ ಕಡೆಯ ಹಳ್ಳಿಗರಿಗೆ ಹಳೆಯ ಪರಿಚಯ.

ಕೆನ್ಯಾ ಈ ಸಮಸ್ಯೆಯನ್ನು ಕಾನೂನಿನಿಂದ ಎದುರಿಸಿದ ಬಗೆ ಮೆಚ್ಚಬೇಕಾದದ್ದು. ಖಾದ್ಯ ಉಪ್ಪಿಗೆ ಅಯೋಡಿನ್ ಸೇರಿಸುವುದನ್ನು ಅದು 1978ರಲ್ಲಿ ಕಡ್ಡಾಯ ಮಾಡಿತು. ಉಪ್ಪಿಗೆಲ್ಲ ಅಯೋಡಿನ್ ಸೇರಿಸಬೇಕೆಂಬ ಜಾಗತಿಕ ನಿಲುವನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ಒಪ್ಪಿಕೊಂಡದ್ದು 1994ರಲ್ಲಿ. ಅದಕ್ಕಿಂತ ಒಂದೂವರೆ ದಶಕ ಮೊದಲೇ ಕೆನ್ಯಾದ ಕಾನೂನು ಇತ್ತು. ಈಗಿನ ನಿಯಮದಂತೆ ಒಂದು ಕಿಲೋ ಉಪ್ಪಿನಲ್ಲಿ 50ರಿಂದ 84 ಮಿಲಿಗ್ರಾಂ ಪೊಟ್ಯಾಸಿಯಂ ಅಯೋಡೇಟ್ ಇರಬೇಕು. ಅಯೋಡಿನ್ ಲೆಕ್ಕದಲ್ಲಿ ಹೇಳಿದರೆ ಸುಮಾರು 30ರಿಂದ 50 ಮಿಲಿಗ್ರಾಂ. ಅಯೋಡೈಡ್ ಬಿಟ್ಟು ಅಯೋಡೇಟ್ ಆರಿಸಿಕೊಂಡದ್ದಕ್ಕೆ ಕಾರಣವಿದೆ: ಬಿಸಿಲು, ತೇವ, ಶುದ್ಧೀಕರಿಸದ ಉಪ್ಪು, ಇವು ಮೂರನ್ನೂ ಅಯೋಡೇಟ್ ಚೆನ್ನಾಗಿ ತಡೆಯುತ್ತದೆ. ಭಾರತದಲ್ಲಿ ಬಳಸುವುದೂ ಅದನ್ನೇ.

ಕಾನೂನು ಬರೆದರೆ ಸಾಲದು, ಅದು ನಡೆಯಬೇಕು. ಕೆನ್ಯಾದಲ್ಲಿ ಅದು ನಡೆದದ್ದಕ್ಕೆ ಮುಖ್ಯ ಕಾರಣ ಅಲ್ಲಿನ ಉಪ್ಪಿನ ಉದ್ಯಮದ ರಚನೆ ಎಂಬುದು ನನ್ನ ತಿಳಿವಳಿಕೆ. ದೇಶದ ಉಪ್ಪಿನ ಬಹುಪಾಲು ಬರುವುದು ಮಾಲಿಂದಿಯ ಉತ್ತರಕ್ಕೆ, ಕಿಲಿಫಿ ಕೌಂಟಿಯ ಗೊಂಗೊನಿ ಸುತ್ತಮುತ್ತಲ ಕರಾವಳಿಯ ಗದ್ದೆಗಳಿಂದ. ಬೆರಳೆಣಿಕೆಯ ದೊಡ್ಡ ಕಂಪನಿಗಳು ಅದನ್ನು ಶುದ್ಧಗೊಳಿಸಿ, ಅಯೋಡೇಟ್ ಸಿಂಪಡಿಸಿ, ಪೊಟ್ಟಣ ಕಟ್ಟಿ ನೈರೋಬಿಗೂ ಉಗಾಂಡ, ರುವಾಂಡದಂಥ ನೆರೆ ದೇಶಗಳಿಗೂ ಕಳಿಸುತ್ತವೆ. ಕೆಲವೇ ಬಾಗಿಲುಗಳನ್ನು ಕಾದರೆ ಸಾಕು, ಇಡೀ ದೇಶದ ಉಪ್ಪನ್ನು ಕಾದಂತೆ. 2014ರ ಕೆನ್ಯಾ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಯಲ್ಲಿ ಉಪ್ಪು ಪರೀಕ್ಷಿಸಿದ ಬಹುತೇಕ ಎಲ್ಲ ಮನೆಗಳಲ್ಲೂ ಅಯೋಡಿನ್ ಸಿಕ್ಕಿತು. 2011ರ ರಾಷ್ಟ್ರೀಯ ಸೂಕ್ಷ್ಮಪೋಷಕಾಂಶ ಸಮೀಕ್ಷೆಯಲ್ಲಿ ಶಾಲಾ ಮಕ್ಕಳ ಮೂತ್ರದಲ್ಲಿನ ಅಯೋಡಿನ್‌ನ ಮಧ್ಯಾಂಕ ಲೀಟರಿಗೆ 208 ಮೈಕ್ರೋಗ್ರಾಂ. ಶಾಲಾ ಮಕ್ಕಳಿಗೆ 100ರಿಂದ 199 ಇದ್ದರೆ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. 200 ದಾಟಿದರೆ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು. ಗರ್ಭಿಣಿಯರಲ್ಲದ ಹೆಂಗಸರ ಮಧ್ಯಾಂಕವೂ ಸಾಕಷ್ಟು ಎನ್ನುವ ವ್ಯಾಪ್ತಿಯೊಳಗೇ ಇತ್ತು.

ಇಲ್ಲಿ ಒಂದು ಎಚ್ಚರ ಹೇಳಬೇಕು. ಸಮೀಕ್ಷೆಯ ವರದಿಗಳು ಮಧ್ಯಾಂಕ ಕೊಟ್ಟ ಮೇಲೆ, 100ಕ್ಕಿಂತ ಕಡಿಮೆ ಬಂದ ಹೆಂಗಸರ ಪ್ರಮಾಣವನ್ನು ಎಣಿಸಿ, ಅಷ್ಟು ಜನರಿಗೆ ಕೊರತೆ ಇದೆ ಎಂದು ಬರೆಯುವ ರೂಢಿಯಿದೆ. ಇದು ತಪ್ಪು ಓದು. ತಿಂದ ಅಯೋಡಿನ್‌ನ ಶೇ. 90ಕ್ಕಿಂತ ಹೆಚ್ಚು ಮೂತ್ರದಲ್ಲಿ ಹೊರಗೆ ಹೋಗುತ್ತದೆ ನಿಜ. ಆದರೆ ಒಬ್ಬಳೇ ಹೆಂಗಸಿನ ಒಂದು ಹೊತ್ತಿನ ಮೂತ್ರದಲ್ಲಿರುವ ಪ್ರಮಾಣ ಆಕೆ ಆ ದಿನ ಕುಡಿದ ನೀರು, ಹಿಂದಿನ ರಾತ್ರಿ ಉಂಡ ಊಟ, ಪರೀಕ್ಷೆಯ ಹೊತ್ತು ಇವುಗಳಿಂದ ಬಹಳ ಏರಿಳಿಯುತ್ತದೆ. ಒಬ್ಬ ವ್ಯಕ್ತಿಯ ಸ್ಥಿತಿಯನ್ನು ಒಂದಿಷ್ಟು ನಂಬಿಕೆಯಿಂದ ಹೇಳಲು ಬೇರೆ ಬೇರೆ ದಿನಗಳ ಹತ್ತು ಮಾದರಿಗಳಾದರೂ ಬೇಕು. ಒಂದು ಗುಂಪಿನ ಸ್ಥಿತಿ ಹೇಳಲು ಮಾತ್ರ ನೂರಿಪ್ಪತ್ತೈದರಷ್ಟು ಜನರ ಒಂದೊಂದು ಮಾದರಿ ಸಾಕಾಗಬಹುದು. ಹಾಗಾಗಿ ಆಸ್ಪತ್ರೆಯಲ್ಲಿ ಒಮ್ಮೆ ಮೂತ್ರ ಕೊಟ್ಟು ‘ನನಗೆ ಅಯೋಡಿನ್ ಕಡಿಮೆ’ ಎಂಬ ಚೀಟಿ ಹಿಡಿದು ಬರುವ ಹೆಂಗಸಿಗೆ ಆ ಅಂಕಿ ಏನನ್ನೂ ಖಚಿತವಾಗಿ ಹೇಳುವುದಿಲ್ಲ.

ಮಧ್ಯಾಂಕ ಮುಚ್ಚಿಡುವ ಸಂಗತಿಗಳೂ ಇವೆ. ಅದೇ ಕೆನ್ಯಾದ ಈಶಾನ್ಯದ ದಾದಾಬ್ ನಿರಾಶ್ರಿತರ ಶಿಬಿರಗಳಲ್ಲಿ ಸೊಮಾಲಿ ಗರ್ಭಿಣಿಯರ ಮಧ್ಯಾಂಕ 500 ಮೈಕ್ರೋಗ್ರಾಂ ಮೀರಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಗರ್ಭಿಣಿಯರಿಗೂ ಅದು ಅತಿಯಾದದ್ದು. ಕಾರಣ ಉಪ್ಪಲ್ಲ, ಕೊಳವೆಬಾವಿಯ ನೀರು. ಇನ್ನೂ ಹಿಂದೆ, 1990ರ ದಶಕದಲ್ಲಿ ಆಫ್ರಿಕಾದ ಏಳು ದೇಶಗಳಲ್ಲಿ ನಡೆದ ಅಧ್ಯಯನ, ಉಪ್ಪಿನಲ್ಲಿ ಅಯೋಡಿನ್ ಹೆಚ್ಚಾದ ಕಡೆ, ಬಹುಕಾಲದ ಕೊರತೆಯಲ್ಲಿ ಬಾಳಿದವರ ಥೈರಾಯ್ಡ್ ಏಕಾಏಕಿ ಅತಿಚುರುಕಾಗುವ ಅಪಾಯವನ್ನು ತೋರಿಸಿತು. ಕೆನ್ಯಾವೂ ಆ ಏಳರಲ್ಲಿ ಒಂದು. ಆ ಅನುಭವದಿಂದಲೇ 1996ರಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಗಳು ಕಾರ್ಖಾನೆಯ ಮಟ್ಟದಲ್ಲಿ ಕಿಲೋಗೆ 20ರಿಂದ 40 ಮಿಲಿಗ್ರಾಂ ಅಯೋಡಿನ್ ಸಾಕೆಂದು ಹೇಳಿದವು. ಅಯೋಡಿನ್ ಹೆಚ್ಚಿದಷ್ಟೂ ಒಳ್ಳೆಯದೆನ್ನುವ ಪೋಷಕಾಂಶವಲ್ಲ. ಆರೋಗ್ಯದ ಅಂಗಡಿಗಳಲ್ಲಿ ಸಿಗುವ ಕಡಲಪಾಚಿಯ ಮಾತ್ರೆಗಳನ್ನು ಗರ್ಭಿಣಿಯರು ತಾವಾಗಿಯೇ ನುಂಗಬಾರದು ಎನ್ನುವುದಕ್ಕೆ ಇದೇ ಆಧಾರ.

ಈಗ ಹೆಣ್ಣಿನ ದೇಹದ ಲೆಕ್ಕಕ್ಕೆ ಬರೋಣ. ಸಾಮಾನ್ಯ ವಯಸ್ಕಳಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು. ಬಸುರಿಗೂ ಹಾಲೂಡಿಸುವವಳಿಗೂ 250. ಈ ಹೆಚ್ಚಳ ಅಕಸ್ಮಾತ್ತಾಗಿ ಬಂದದ್ದಲ್ಲ. ಗರ್ಭ ನಿಂತ ಮೊದಲ ವಾರಗಳಲ್ಲೇ ತಾಯಿಯ ಥೈರಾಯ್ಡ್ ಸುಮಾರು ಅರ್ಧದಷ್ಟು ಹೆಚ್ಚು ಹಾರ್ಮೋನ್ ತಯಾರಿಸಬೇಕಾಗುತ್ತದೆ. ಮೂತ್ರಪಿಂಡಗಳು ಅಯೋಡಿನ್ ಅನ್ನು ಮೊದಲಿಗಿಂತ ಬೇಗ ಹೊರಹಾಕುತ್ತವೆ. ಭ್ರೂಣಕ್ಕೂ ಪಾಲು ಹೋಗುತ್ತದೆ. ಭ್ರೂಣದ ಸ್ವಂತ ಥೈರಾಯ್ಡ್ ಹನ್ನೆರಡನೆಯ ವಾರದ ಸುಮಾರಿಗೆ ಅಯೋಡಿನ್ ಹಿಡಿಯತೊಡಗಿದರೂ ಸಾಕಷ್ಟು ಹಾರ್ಮೋನ್ ಕೊಡುವ ಹೊತ್ತಿಗೆ ಐದನೆಯ ತಿಂಗಳು ಬಂದಿರುತ್ತದೆ. ಅಲ್ಲಿಯವರೆಗೆ ಮಗುವಿನ ಮಿದುಳಿನ ನರಕೋಶಗಳು ತಮ್ಮ ಜಾಗ ಹುಡುಕಿಕೊಳ್ಳುವುದು ತಾಯಿಯ ಹಾರ್ಮೋನಿನ ಬಲದಿಂದ. ಬಹಳ ಹೆಂಗಸರಿಗೆ ತಾವು ಬಸುರಿ ಎಂದು ತಿಳಿಯುವ ಮೊದಲೇ ಈ ಅವಧಿಯ ಒಂದು ಭಾಗ ಕಳೆದಿರುತ್ತದೆ.

ಆದ್ದರಿಂದ ಇಲ್ಲಿ ಎಣಿಕೆಗೆ ಬರುವುದು ಬಸುರಾದ ಮೇಲಿನ ಮಾತ್ರೆಗಿಂತ ಹೆಚ್ಚಾಗಿ ಬಸುರಾಗುವ ಮುಂಚಿನ ಉಪ್ಪು. ಅಯೋಡಿನ್ ಸಾಕಷ್ಟು ಸಿಗುತ್ತಿರುವ ದೇಹದಲ್ಲಿ 15ರಿಂದ 20 ಮಿಲಿಗ್ರಾಂ ಸಂಗ್ರಹವಿರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಥೈರಾಯ್ಡ್‌ನಲ್ಲೇ. ವರ್ಷಗಟ್ಟಲೆ ಸರಿಯಾದ ಉಪ್ಪು ತಿಂದವಳು ಈ ಗಂಟಿನಿಂದ ಮೊದಲ ತಿಂಗಳುಗಳ ಹೆಚ್ಚಿನ ಬೇಡಿಕೆಯನ್ನು ತೂಗಿಸುತ್ತಾಳೆ. ಗಂಟು ಖಾಲಿಯಾಗಿದ್ದವಳಿಗೆ ಅದು ಸಾಧ್ಯವಿಲ್ಲ. ಹೆರುವ ವಯಸ್ಸಿನ ಹೆಂಗಸರನ್ನು, ಗರ್ಭಿಣಿಯರನ್ನಷ್ಟೇ ಅಲ್ಲ, ಈ ವಿಷಯದ ಮುಖ್ಯ ಗುಂಪೆಂದು ಸಂಶೋಧಕರು ಹಿಡಿಯುವುದು ಇದಕ್ಕಾಗಿ.

ಬೆಂಗಳೂರಿನ ಸಾಕ್ಷ್ಯ ಇಲ್ಲಿ ಬಹಳ ಬೆಲೆಯುಳ್ಳದ್ದು. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ತಂಡ, ಸ್ವಿಟ್ಜರ್‌ಲೆಂಡ್ ಮತ್ತು ಥಾಯ್ಲೆಂಡ್‌ನ ಸಂಶೋಧಕರ ಜೊತೆಗೂಡಿ, ಬೆಂಗಳೂರು ಮತ್ತು ಬ್ಯಾಂಕಾಕ್‌ಗಳಲ್ಲಿ 832 ಗರ್ಭಿಣಿಯರ ಮೇಲೆ ಪ್ರಯೋಗ ನಡೆಸಿತು. ಕೆಲವರಿಗೆ ದಿನಕ್ಕೆ 200 ಮೈಕ್ರೋಗ್ರಾಂ ಅಯೋಡಿನ್ ಮಾತ್ರೆ, ಉಳಿದವರಿಗೆ ಅದೇ ರೂಪದ ಬರಿ ಮಾತ್ರೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. ಆರಂಭದಲ್ಲಿ ಅವರ ಮೂತ್ರದ ಮಧ್ಯಾಂಕ 131, ಅಂದರೆ ಗರ್ಭಿಣಿಯರಿಗೆ ಬೇಕಾದ 150ಕ್ಕಿಂತ ತುಸು ಕಡಿಮೆ. ಮಕ್ಕಳು ಐದಾರು ವರ್ಷದವರಾದಾಗ ಬುದ್ಧಿಶಕ್ತಿ ಅಳೆದರು. ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಫಲಿತಾಂಶ 2017ರಲ್ಲಿ ಪ್ರಕಟವಾಯಿತು.

ಇದನ್ನು ‘ಅಯೋಡಿನ್ ಬೇಕಿಲ್ಲ’ ಎಂದು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಆ ಹೆಂಗಸರು ಅಯೋಡಿನ್ ಉಪ್ಪಿನ ಕಾರ್ಯಕ್ರಮವಿದ್ದ ಎರಡು ನಗರಗಳವರು. ಅವರ ಕೊರತೆ ಸೌಮ್ಯವಾಗಿತ್ತು, ಮೊದಲಿನ ಸಂಗ್ರಹ ಅವರಿಗೆ ಒದಗಿತ್ತು. ಮಾತ್ರೆ ಶುರುವಾದದ್ದು ಸರಾಸರಿ ಹತ್ತು ವಾರ ಕಳೆದ ಮೇಲೆ. ಇದರ ಎದುರು ಬ್ರಿಸ್ಟಲ್ ಪ್ರದೇಶದ ಅಧ್ಯಯನವನ್ನು ಇಡಬೇಕು. ಇಂಗ್ಲೆಂಡಿನಲ್ಲಿ ಅಯೋಡಿನ್ ಉಪ್ಪಿನ ಕಾರ್ಯಕ್ರಮವೇ ಇಲ್ಲ. ಜನ ತಿಳಿಯದೆಯೇ ಹಾಲನ್ನು ನೆಚ್ಚಿಕೊಂಡಿದ್ದಾರೆ. 2013ರಲ್ಲಿ ಪ್ರಕಟವಾದ ಅಧ್ಯಯನ 1,040 ತಾಯಂದಿರ ಮೊದಲ ತಿಂಗಳುಗಳ ಮೂತ್ರವನ್ನು ಪರೀಕ್ಷಿಸಿತ್ತು. ಮಧ್ಯಾಂಕ 91. ಅಯೋಡಿನ್ ಕಡಿಮೆಯಿದ್ದ ತಾಯಂದಿರ ಮಕ್ಕಳು ಎಂಟನೆಯ ವಯಸ್ಸಿನ ಮಾತಿನ ಬುದ್ಧಿಶಕ್ತಿಯ ಪರೀಕ್ಷೆಯಲ್ಲೂ ಓದಿನ ನಿಖರತೆಯಲ್ಲೂ ಹಿಂದೆ ಬಿದ್ದರು. ಇದು ವೀಕ್ಷಣೆಯ ಅಧ್ಯಯನ, ಪ್ರಯೋಗವಲ್ಲ. ಕಾರಣ–ಪರಿಣಾಮವನ್ನು ಬೆಂಗಳೂರಿನ ಪ್ರಯೋಗದಷ್ಟು ಗಟ್ಟಿಯಾಗಿ ಹೇಳಲಾರದು. ಆದರೂ ಎರಡನ್ನೂ ಒಟ್ಟಿಗೆ ಓದಿದರೆ ನನಗೆ ಕಾಣುವ ಅರ್ಥ ಒಂದೇ: ಉಪ್ಪು ಸರಿಯಿದ್ದಲ್ಲಿ ಮಾತ್ರೆ ಹೆಚ್ಚೇನೂ ಕೂಡಿಸುವುದಿಲ್ಲ, ಉಪ್ಪು ಸರಿಯಿಲ್ಲದಲ್ಲಿ ಸಿರಿವಂತ ದೇಶವೂ ಪಾರಾಗುವುದಿಲ್ಲ.

ಬ್ರಿಸ್ಟಲ್‌ನ ಪಾಠ ಗಿಗಿರಿಗೆ ಹತ್ತಿರದ್ದು. ಕೆನ್ಯಾದ ಸಾಮಾನ್ಯ ಪೊಟ್ಟಣದ ಉಪ್ಪು ಕಾನೂನಿನ ಕಾವಲಲ್ಲಿದೆ. ನೈರೋಬಿಯ ಕೊಳೆಗೇರಿ ಕಿಬೆರಾದ ಚಿಕ್ಕ ಅಂಗಡಿಯಲ್ಲಿ ಉಪ್ಪು ಕೊಳ್ಳುವವಳಿಗೂ ಅದೇ ಸಿಗುತ್ತದೆ. ಆ ಉಪ್ಪನ್ನು ಬಿಟ್ಟು ಬೇರೆಯದನ್ನು ಆರಿಸುವ ಅನುಕೂಲ ಇರುವುದು ಗಿಗಿರಿ, ರುಂಡಾ, ಮುತೈಗದಂಥ ಸಿರಿವಂತ ಬಡಾವಣೆಗಳಲ್ಲಿ. ಹಿಮಾಲಯದ ಗುಲಾಬಿ ಉಪ್ಪು, ಹೊಗೆ ಹಾಕಿದ ಕಡಲುಪ್ಪು, ‘ನೈಸರ್ಗಿಕ’ ಎಂಬ ಮುದ್ರೆಯ ಹರಳುಪ್ಪು, ಭಾರತದಿಂದ ತರಿಸಿದ ಸೈಂಧವ ಲವಣ, ಇವೆಲ್ಲ ಸಾಮಾನ್ಯ ಉಪ್ಪಿನ ಹಲವು ಪಟ್ಟು ಬೆಲೆಗೆ ಬರುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಅಯೋಡಿನ್ ಸೇರಿಸಿರುವುದಿಲ್ಲ. ಓದಿದ, ಆರೋಗ್ಯದ ಬಗ್ಗೆ ಕಾಳಜಿಯುಳ್ಳ, ಮಗುವಿನ ಯೋಚನೆಯಲ್ಲಿರುವ ಹೆಂಗಸೇ ಇವನ್ನು ಕೊಳ್ಳುವ ಸಂಭವ ಹೆಚ್ಚು. ಒಳ್ಳೆಯದನ್ನೇ ಮಾಡುತ್ತಿದ್ದೇನೆಂಬ ನಂಬಿಕೆಯಿಂದ ಅವಳು ಕೊರತೆಯತ್ತ ನಡೆಯುತ್ತಾಳೆ ಎಂಬುದು ನನ್ನನ್ನು ನಿಜಕ್ಕೂ ಕಾಡುವ ಸಂಗತಿ.

ಕಡಲುಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದೆ ಎಂಬ ಮಾತು ನೈರೋಬಿಯಲ್ಲೂ ಕೇಳುತ್ತದೆ, ಕುಮಟಾದಲ್ಲೂ ಕೇಳುತ್ತದೆ. ಲೆಕ್ಕ ಹಾಕಿ ನೋಡಬಹುದು. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವೂ 50ರಿಂದ 60 ಮೈಕ್ರೋಗ್ರಾಂ ಅಯೋಡಿನ್ನೂ ಇರುತ್ತವೆ. ಒಂದು ಕಿಲೋ ಉಪ್ಪಿಗೆ ಮೂವತ್ತು ಲೀಟರಿನಷ್ಟು ನೀರು ಆರಬೇಕು. ಅಷ್ಟರಲ್ಲಿದ್ದ ಅಯೋಡಿನ್ ಒಂದು ಕಣವೂ ಕಳೆಯದೆ ಉಪ್ಪಿನಲ್ಲಿ ಉಳಿಯಿತು ಎಂದೇ ಇಟ್ಟುಕೊಂಡರೂ ಕಿಲೋಗೆ ಎರಡು ಮಿಲಿಗ್ರಾಂ ಮುಟ್ಟುವುದಿಲ್ಲ. ನಮಗೆ ಬೇಕಾದದ್ದು ಹದಿನೈದರಿಂದ ಮೇಲೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳ ಉಪ್ಪಿನ ರುಚಿಗೆ, ಅದನ್ನು ತೆಗೆಯುವವರ ಶ್ರಮಕ್ಕೆ ನನಗೆ ಅಪಾರ ಗೌರವವಿದೆ. ಉಪ್ಪಿನಕಾಯಿಗೆ ಅದರಂಥದ್ದು ಇನ್ನೊಂದಿಲ್ಲ. ಆದರೆ ಅಯೋಡಿನ್ ಸೇರಿಸದ ಹೊರತು ಕರಾವಳಿಯ ಹರಳುಪ್ಪು ಬಸುರಿಯ ದಿನನಿತ್ಯದ ಉಪ್ಪಾಗಲಾರದು. ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳು ಕಡಲ ಬದಿಯಲ್ಲಿದ್ದೂ ಗಳಗಂಡದ ಪಟ್ಟಿಯಲ್ಲಿ ಮಲೆನಾಡಿನ ಚಿಕ್ಕಮಗಳೂರು, ಕೊಡಗುಗಳ ಜೊತೆ ಸೇರಿದ್ದಕ್ಕೆ ಇದೂ ಒಂದು ವಿವರಣೆ. ಮಕ್ಕಳಲ್ಲಿ ಶೇ. 5ಕ್ಕಿಂತ ಹೆಚ್ಚು ಗಳಗಂಡ ಕಂಡರೆ ಆ ಪ್ರದೇಶ ಪೀಡಿತ ಎನ್ನುತ್ತಾರೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳ ಶಾಲಾ ಮಕ್ಕಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆ ಗೆರೆಯನ್ನು ಬಹಳ ದೂರ ದಾಟಿದ್ದನ್ನು ತೋರಿಸಿತ್ತು. ಬಯಲುಸೀಮೆಗೂ ವಿನಾಯಿತಿ ಇಲ್ಲ.

ಭಾರತದ ಕಥೆ ಕೆನ್ಯಾದಷ್ಟು ನೇರವಲ್ಲ. 1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯನ್ನು ಮೂರು ವಲಯಗಳಾಗಿ ಮಾಡಿ ಉಪ್ಪಿನ ಪ್ರಯೋಗ ಆರಂಭಿಸಿದರು. ಅಯೋಡಿನ್ ಸೇರಿದ ಉಪ್ಪು ಸಿಕ್ಕ ಎರಡು ವಲಯಗಳಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಅದು ಪೀಡಿತ ಪ್ರದೇಶಗಳಿಗಷ್ಟೇ ಸೀಮಿತವಾಗಿತ್ತು. ದೇಶಕ್ಕೆಲ್ಲ ಅಯೋಡಿನ್ ಉಪ್ಪು ಕೊಡುವ ತೀರ್ಮಾನ ಆದದ್ದು 1984ರಲ್ಲಿ. ಸಾದಾ ಉಪ್ಪಿನ ಮಾರಾಟಕ್ಕಿದ್ದ ಕೇಂದ್ರದ ನಿಷೇಧವನ್ನು 2000ದಲ್ಲಿ ತೆಗೆದು, 2006ರ ಮೇ ತಿಂಗಳಿನಿಂದ ಮತ್ತೆ ಜಾರಿಗೆ ತಂದರು. ಆ ನಡುವಿನ ಐದಾರು ವರ್ಷಗಳನ್ನು ನಾನು ಕಳೆದುಕೊಂಡ ವರ್ಷಗಳೆಂದೇ ಎಣಿಸುತ್ತೇನೆ. ಆಗ ಗರ್ಭದಲ್ಲಿದ್ದ ಮಕ್ಕಳು ಇಂದು ಇಪ್ಪತ್ತರ ಆಸುಪಾಸಿನಲ್ಲಿದ್ದಾರೆ; ಅವರಲ್ಲಿ ಅರ್ಧದಷ್ಟು ಮಂದಿ ಈಗ ತಾವೇ ಹೆರುವ ವಯಸ್ಸಿನ ಹೆಂಗಸರು.

2018–19ರ ಭಾರತ ಅಯೋಡಿನ್ ಸಮೀಕ್ಷೆ ಮನೆಯ ಉಪ್ಪನ್ನೂ 15ರಿಂದ 49 ವರ್ಷದ ಹೆಂಗಸರ ಮೂತ್ರವನ್ನೂ ಪರೀಕ್ಷಿಸಿತು. ಹೆಂಗಸರ ಮಧ್ಯಾಂಕ 173.4, ಸಮಾಧಾನದ ಅಂಕಿ. ಸಾಕಷ್ಟು ಅಯೋಡಿನ್ ಇರುವ ಉಪ್ಪು ಸಿಕ್ಕ ಮನೆಗಳು ಶೇ. 76.3. ಅದೇ ಸುಮಾರಿನ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಶೇ. 94 ಮನೆಗಳಲ್ಲಿ ಅಯೋಡಿನ್ ಉಪ್ಪಿದೆ ಎನ್ನುತ್ತದೆ. ಎರಡೂ ಸುಳ್ಳಲ್ಲ. ಕುಟುಂಬ ಆರೋಗ್ಯ ಸಮೀಕ್ಷೆ ಬಳಸಿದ್ದು ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್. ಗಂಜಿಪಿಷ್ಟ ಅಯೋಡಿನ್ ಸೋಂಕಿ ನೀಲಿಯಾದರೆ ಅಯೋಡಿನ್ ಇದೆ ಎಂದರ್ಥ. ಚೆನ್ನೈಯಲ್ಲಿ ತಯಾರಾಗುವ ಇಂಥ ಕಿಟ್‌ಗಳು ಎಷ್ಟೋ ದೇಶಗಳ ಸಮೀಕ್ಷೆಗಳಲ್ಲಿ ಓಡಾಡಿವೆ. ಅಯೋಡಿನ್ ಸಮೀಕ್ಷೆ ಮಾಡಿದ್ದು ಪ್ರಯೋಗಾಲಯದ ಟೈಟ್ರೇಶನ್. ಅದು ಎಷ್ಟಿದೆ ಎಂದು ಅಳೆಯುತ್ತದೆ. ನೀಲಿ ಬಣ್ಣದ ಗಾಢತೆ ನೋಡಿ 15 ಪಿಪಿಎಂ (ಅಂದರೆ ಕಿಲೋಗೆ 15 ಮಿಲಿಗ್ರಾಂ) ದಾಟಿತೇ ಎಂದು ಹೇಳುವುದು ನಂಬಲರ್ಹವಲ್ಲ, ಕಿಟ್ ಅನ್ನು ಇದೆ–ಇಲ್ಲ ಎನ್ನುವುದಕ್ಕಷ್ಟೇ ಬಳಸಿ ಎಂದು ಯುನಿಸೆಫ್ 2018ರ ಮಾರ್ಗದರ್ಶಿಯಲ್ಲೇ ಹೇಳಿದೆ. ಆ ಎರಡು ಅಂಕಿಗಳ ನಡುವಿನ ಹದಿನೆಂಟರಷ್ಟು ಅಂತರದಲ್ಲಿ ಇರುವುದು ಮುದ್ರೆ ಇದ್ದೂ ಸತ್ವ ಕಡಿಮೆಯಿರುವ ಉಪ್ಪು.

ಸಾಕಷ್ಟು ಅಯೋಡಿನ್ ಉಪ್ಪಿನಲ್ಲಿ ಹಿಂದೆ ಬಿದ್ದ ರಾಜ್ಯಗಳ ಹೆಸರು ನೋಡಿ: ತಮಿಳುನಾಡು ಶೇ. 61.9, ಆಂಧ್ರಪ್ರದೇಶ ಶೇ. 63.9, ರಾಜಸ್ಥಾನ ಶೇ. 65.5, ಒಡಿಶಾ ಶೇ. 65.8. ಎಲ್ಲವೂ ಉಪ್ಪು ಬೆಳೆಯುವ ರಾಜ್ಯಗಳು. ಗದ್ದೆಯ ಹತ್ತಿರದವರು ಗದ್ದೆಯಿಂದಲೇ ಹರಳುಪ್ಪು ಕೊಳ್ಳುತ್ತಾರೆ, ಅದು ಕಾರ್ಖಾನೆಯ ಬಾಗಿಲು ಹಾಯುವುದೇ ಇಲ್ಲ. ಹರಳುಪ್ಪಿಗೆ ಅಯೋಡೇಟ್ ಸಿಂಪಡಿಸಿದರೂ ಅದು ಹರಳಿನ ಮೇಲ್ಮೈಯಲ್ಲಷ್ಟೇ ಕೂರುತ್ತದೆ. ಕಸ ಹೋಗಲೆಂದು ಒಮ್ಮೆ ತೊಳೆದರೆ ಅಯೋಡಿನ್ನೂ ಹೋಯಿತು. ತೇವ ಹಿಡಿದ ಉಪ್ಪಿನ ಮರಿಗೆಯ ತಳಕ್ಕೆ ಇಳಿದ ನೀರಿನಲ್ಲಿ ಸೇರುವುದೂ ಅದೇ. ಕೆನ್ಯಾದ ಕೆಲವೇ ಕಾರ್ಖಾನೆಗಳ ಪಕ್ಕದಲ್ಲಿ ನಮ್ಮ ಸಾವಿರಾರು ಸಣ್ಣ ಉತ್ಪಾದಕರನ್ನು ಇಟ್ಟು ನೋಡಿದರೆ ಈ ಅಂತರ ಯಾಕೆಂದು ತಿಳಿಯುತ್ತದೆ.

ಇನ್ನೊಂದು ಲೆಕ್ಕ ಬಾಕಿಯಿದೆ, ನನ್ನ ಮಟ್ಟಿಗೆ ಇದೇ ಮುಖ್ಯ. ಭಾರತದ ನಿಯಮದಂತೆ ಉಪ್ಪು ಕಾರ್ಖಾನೆಯಲ್ಲಿ 30 ಪಿಪಿಎಂ, ಗ್ರಾಹಕರ ಕೈ ಸೇರುವಾಗ ಕನಿಷ್ಠ 15 ಪಿಪಿಎಂ ಅಯೋಡಿನ್ ಹೊಂದಿರಬೇಕು. 15 ಪಿಪಿಎಂನ ಉಪ್ಪಿನಿಂದ 150 ಮೈಕ್ರೋಗ್ರಾಂ ಪಡೆಯಲು ದಿನಕ್ಕೆ 10 ಗ್ರಾಂ ಉಪ್ಪು ತಿನ್ನಬೇಕು. ಆದರೆ ರಕ್ತದೊತ್ತಡದ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ ತಿನ್ನಿ ಎಂದು. ವೈದ್ಯರ ಮಾತು ಕೇಳಿ 5 ಗ್ರಾಂಗೆ ಇಳಿದವಳಿಗೆ ಅದೇ ಉಪ್ಪಿನಿಂದ ಸಿಗುವುದು 75. ಅದೇ ಸಂಸ್ಥೆಯ 2014ರ ಮಾರ್ಗಸೂಚಿ ಇದನ್ನು ಗಮನಿಸಿದೆ: ಸಾಗಣೆಯ ನಷ್ಟಕ್ಕೆ ಶೇ. 30 ಕೂಡಿಸಿ, ಜನ ದಿನಕ್ಕೆ 10 ಗ್ರಾಂ ತಿನ್ನುವಲ್ಲಿ ಕಿಲೋಗೆ 20 ಮಿಲಿಗ್ರಾಂ, 5 ಗ್ರಾಂ ತಿನ್ನುವಲ್ಲಿ 39, 3 ಗ್ರಾಂ ತಿನ್ನುವಲ್ಲಿ 65 ಎಂದು ಸೂಚಿಸುತ್ತದೆ. ಉಪ್ಪು ಕಡಿಮೆ ಮಾಡುವುದೂ ಅಯೋಡಿನ್ ಕೊಡುವುದೂ ಒಂದಕ್ಕೊಂದು ವಿರೋಧವಲ್ಲ. ಆದರೆ ಒಂದನ್ನು ಬದಲಿಸಿದಾಗ ಇನ್ನೊಂದನ್ನೂ ಬದಲಿಸಬೇಕು.

ಕೆನ್ಯಾದ 30ರಿಂದ 50 ಮಿಲಿಗ್ರಾಂನ ಉಪ್ಪನ್ನು ಅದೇ ನಷ್ಟದ ಲೆಕ್ಕಕ್ಕೆ ಹಾಕಿದರೆ ಗಿಗಿರಿಯ ಅಡುಗೆಮನೆ ತಲುಪುವುದು ಸುಮಾರು 23ರಿಂದ 38. ದಿನಕ್ಕೆ 5 ಗ್ರಾಂ ತಿಂದರೆ 115ರಿಂದ 190 ಮೈಕ್ರೋಗ್ರಾಂ. ಹಾಲು, ಮೊಸರು, ಮೊಟ್ಟೆಗಳದು ಇದಕ್ಕೆ ಸೇರುತ್ತದೆ. ಗರ್ಭಿಣಿಯಲ್ಲದವಳಿಗೆ ಇದು ಸಾಕು, ಸಂಗ್ರಹವೂ ತುಂಬುತ್ತದೆ. ಈಗ ಅವಳು ಪಲ್ಯ, ಸಾರು, ಸಲಾಡಿಗೆ ಗುಲಾಬಿ ಉಪ್ಪು ಬಳಸಿ, ದೋಸೆ ಹಿಟ್ಟಿಗೆ ಮಾತ್ರ ಪೊಟ್ಟಣದ ಉಪ್ಪು ಹಾಕುತ್ತಾಳೆ ಎಂದುಕೊಳ್ಳೋಣ. ಉಪ್ಪಿನಿಂದ ಬರುವುದು 40 ಮೈಕ್ರೋಗ್ರಾಂ ಆಸುಪಾಸಿಗೆ ಕುಸಿಯುತ್ತದೆ. ಹಸುವಿನ ಹಾಲು ಬಿಟ್ಟು ಬಾದಾಮಿ ಹಾಲಿಗೆ ಹೊರಳಿದ್ದರೆ ಇನ್ನೊಂದು ದಾರಿಯೂ ಮುಚ್ಚಿತು. ಸಸ್ಯಾಹಾರಿಯಾದರೆ ಮೀನಿಲ್ಲ. ನೈರೋಬಿಯ ಮಾರುಕಟ್ಟೆಯಲ್ಲಿ ಹೆಚ್ಚು ಕಾಣುವ ತಿಲಾಪಿಯಾ ಸಿಹಿನೀರಿನ ಮೀನು. ಕಡಲ ಮೀನಿನಷ್ಟು ಅಯೋಡಿನ್ ಅದರಲ್ಲಿರುವುದಿಲ್ಲ. ದುಬಾರಿ ಬಡಾವಣೆಯ ತುಂಬಿದ ಅಡುಗೆಮನೆಯಲ್ಲಿ ಕಾಂಗ್ರಾ ಕಣಿವೆಯ ಊಟ ಹೀಗೆ ತಯಾರಾಗುತ್ತದೆ.

ಕೆನ್ಯಾದ ಸುಕುಮ ವಿಕಿ ಎಂಬ ಕೋಸಿನ ಜಾತಿಯ ಸೊಪ್ಪು, ಎಲೆಕೋಸು, ನಮ್ಮ ರಾಗಿಯೇ ಆದ ಅಲ್ಲಿನ ವಿಂಬಿ ಥೈರಾಯ್ಡ್‌ಗೆ ಕೆಟ್ಟವು ಎಂದು ಹೆದರುವವರಿದ್ದಾರೆ. ಕೋಸಿನ ಜಾತಿಯ ಸೊಪ್ಪುಗಳಲ್ಲಿ ಥೈರಾಯ್ಡ್ ಕೆಲಸಕ್ಕೆ ಅಡ್ಡಬರುವ ವಸ್ತುಗಳಿವೆ ನಿಜ, ಆದರೆ ಅಯೋಡಿನ್ ಸಾಕಷ್ಟಿದ್ದಾಗ, ಬೇಯಿಸಿ ತಿಂದಾಗ ಅವು ಲೆಕ್ಕಕ್ಕೆ ಬರುವುದಿಲ್ಲ. ಸುಡಾನಿನಲ್ಲಿ ಗಳಗಂಡಕ್ಕೆ ನಂಟು ಕಂಡುಬಂದದ್ದು ಸಜ್ಜೆಗೆ, ಅದೂ ಅಯೋಡಿನ್ ಕೊರತೆಯಿದ್ದ ಜನರಲ್ಲಿ. ಅದನ್ನು ರಾಗಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಉಪ್ಪು ಸರಿಮಾಡಿಕೊಳ್ಳಿ, ಮುದ್ದೆ ಉಣ್ಣಿ.

ಗಿಗಿರಿಯಂಥ ಜಾಗದಲ್ಲಿ ಅಧ್ಯಯನ ಮಾಡುವವರಿಗೆ ನನ್ನ ಸಲಹೆ ಇಷ್ಟು. ‘ನಿಮ್ಮ ಮನೆಯಲ್ಲಿ ಅಯೋಡಿನ್ ಉಪ್ಪಿದೆಯೇ’ ಎಂದು ಕೇಳಬೇಡಿ; ಎಲ್ಲರೂ ಹೌದೆನ್ನುತ್ತಾರೆ, ಕಪಾಟಿನಲ್ಲಿ ಅದು ಇರುತ್ತದೆ ಕೂಡ. ಮನೆಯಲ್ಲಿರುವ ಉಪ್ಪುಗಳನ್ನೆಲ್ಲ ಹೊರಗಿಡಿಸಿ, ಯಾವುದನ್ನು ಯಾವ ಅಡುಗೆಗೆ ಹಾಕುತ್ತೀರಿ, ಒಂದು ಪೊಟ್ಟಣ ಎಷ್ಟು ದಿನ ಬರುತ್ತದೆ ಎಂದು ಕೇಳಿ. ಪ್ರತಿಯೊಂದನ್ನೂ ಟೈಟ್ರೇಶನ್ ಮಾಡಿಸಿ. ಗುಂಪಿನ ಮೂತ್ರದ ಮಧ್ಯಾಂಕವನ್ನು ಉಪ್ಪಿನ ಆಯ್ಕೆಯ ಪ್ರಕಾರ ಬೇರೆ ಬೇರೆಯಾಗಿ ನೋಡಿ. ರಾಷ್ಟ್ರೀಯ ಮಧ್ಯಾಂಕದಲ್ಲಿ ಇಂಥ ಕೆಲವು ನೂರು ಮನೆಗಳು ಎಂದಿಗೂ ಕಾಣಿಸಿಕೊಳ್ಳುವುದಿಲ್ಲ. ಬೆಂಗಳೂರಿನ ಹೊಸ ಬಡಾವಣೆಗಳಲ್ಲೂ ಇದೇ ಪ್ರಶ್ನೆಗಳನ್ನು ಕೇಳಬೇಕಾಗಿದೆ.

ಹೊರದೇಶದಲ್ಲಿರುವ ಕನ್ನಡದ ಹೆಣ್ಣುಮಕ್ಕಳಲ್ಲಿ, ಊರಲ್ಲಿರುವವರಲ್ಲೂ, ನನ್ನ ಕೋರಿಕೆ: ದಿನದ ಅಡುಗೆಯ ಉಪ್ಪಿನ ಪೊಟ್ಟಣದ ಮೇಲೆ ಪೊಟ್ಯಾಸಿಯಂ ಅಯೋಡೇಟ್ ಎಂದಿದೆಯೇ ಎಂದು ಓದಿ ನೋಡಿ. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯ ಬಿಸಿಯಿಂದ ದೂರ ಇಡಿ. ಸಾಧ್ಯವಾದಷ್ಟು ಅಡುಗೆಯ ಕೊನೆಗೆ ಹಾಕಿ. ಸೈಂಧವ, ಹರಳುಪ್ಪುಗಳನ್ನು ವ್ರತಕ್ಕೂ ಉಪ್ಪಿನಕಾಯಿಗೂ ಇಟ್ಟುಕೊಳ್ಳಿ. ಮಗುವಿನ ಯೋಚನೆ ಇದ್ದು, ಹಾಲು–ಮೀನು ತಿನ್ನದೆ ಉಪ್ಪನ್ನೂ ಬಹಳ ಕಡಿಮೆ ಮಾಡಿದ್ದರೆ ವೈದ್ಯರ ಬಳಿ 150 ಮೈಕ್ರೋಗ್ರಾಂ ಅಯೋಡಿನ್ ಮಾತ್ರೆಯ ಬಗ್ಗೆ ಕೇಳಿ. ಅಮೆರಿಕದ ಥೈರಾಯ್ಡ್ ತಜ್ಞರ ಸಂಘ ಅದನ್ನು ಗರ್ಭಧಾರಣೆಗೆ ಮೂರು ತಿಂಗಳು ಮೊದಲೇ ಶುರುಮಾಡಲು ಹೇಳುತ್ತದೆ. ಈಗಾಗಲೇ ಥೈರಾಯ್ಡ್ ಔಷಧಿ ತೆಗೆದುಕೊಳ್ಳುತ್ತಿರುವವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಆ ಮಾತ್ರೆ ಮುಟ್ಟಬಾರದು.